ತಗ್ಗದ ಮೂಲೆಗಳು

ಮಳೆ ಬರುತ್ತದೆ ಎಂದು ರೇಡಿಯೋ ಹೇಳಿತ್ತು, ಅಮ್ಮನ ಮೊಣಕಾಲು ಹೇಳಿತ್ತು, ಬೆಳಗ್ಗೆ ಹಾಲು ಹಾಕಲು ಬಂದವನೂ ಹೇಳಿ ಹೋಗಿದ್ದ. ಬರುವುದಿಲ್ಲ ಎಂದವನು ದೊಡ್ಡಣ್ಣ ಒಬ್ಬನೇ. ಆ ಮನೆಯಲ್ಲಿ ದೊಡ್ಡಣ್ಣ ಬರುವುದಿಲ್ಲ ಎಂದ ಮೇಲೆ ಮಳೆ ಬರಕೂಡದು. ಅಷ್ಟಾಗಿಯೂ ಬಂದರೆ ತಪ್ಪು ಮಳೆಯದು, ಮಳೆಯದಲ್ಲವಾದರೆ ಸೂಜಿಯದು.

ಸೂಜಿ ಎಂದರೆ ಆ ಮನೆಯ ಕೊನೆಯ ಮಗಳು. ನಲವತ್ತೊಂದು ವರ್ಷವಾದರೂ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಚಿಕ್ಕಂದಿನಲ್ಲಿ ಸಣಕಲಾಗಿದ್ದಳು, ಮಾತು ಚುರುಕಾಗಿತ್ತು, ಯಾರೋ ಇಟ್ಟ ಅಡ್ಡಹೆಸರು ಅಂಟಿಕೊಂಡಿತು. ಅಪ್ಪನ ಟಾರ್ಪಾಲು ಅಂಗಡಿಯಲ್ಲಿ ಹೊಲಿಗೆಗೆ ಕೂತ ಮೇಲಂತೂ ಅದನ್ನು ಬಿಡಿಸುವುದಕ್ಕೆ ಯಾರಿಂದಲೂ ಆಗಲಿಲ್ಲ. ಅವಳ ಗಂಡ ಕೂಡ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸಾಧು ಮನುಷ್ಯ, ಮದುವೆಯಾದ ಮೂರನೇ ತಿಂಗಳಿಗೆ ಸೂಜಿ ಎಂದೇ ಕರೆಯತೊಡಗಿದ್ದ.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದಿನ ಬಾಗಿಲು ಮಾರುಕಟ್ಟೆಯ ರಸ್ತೆಗೆ, ಹಿಂದಿನದು ಓಣಿಗೆ. ಗೋಡೆಯ ಉದ್ದಕ್ಕೂ ಮೂರು ದೊಡ್ಡ ಹೊಲಿಗೆ ಯಂತ್ರಗಳು, ನಡುವೆ ಬಟ್ಟೆ ಹಾಸಿ ಕತ್ತರಿಸಲು ಖಾಲಿ ನೆಲ. ಆ ನೆಲವನ್ನು ದಿನಕ್ಕೆ ಎರಡು ಸಲ ಗುಡಿಸಬೇಕು, ಒಂದು ಕಲ್ಲಿನ ಚೂರು ಇದ್ದರೂ ಕ್ಯಾನ್ವಾಸಿಗೆ ಗೀರು ಬೀಳುತ್ತದೆ. ಲಾರಿಗೆ ಹೊದಿಸುವ ಟಾರ್ಪಾಲು, ಅಂಗಡಿಗಳ ಮುಂದಿನ ಮಾಡು, ಡೇರೆ, ಏನು ಬೇಕಾದರೂ ಅಲ್ಲಿ ಹೊಲಿದು ಕೊಡುತ್ತಿದ್ದರು. ಅಪ್ಪನನ್ನು ಇಡೀ ಮಾರುಕಟ್ಟೆ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಅವರಿಗೀಗ ಎಪ್ಪತ್ತೆಂಟು. ಕೈ ನಡುಗಲು ಶುರುವಾಗಿ ಒಂಬತ್ತು ವರ್ಷ. ಆ ಒಂಬತ್ತು ವರ್ಷದಿಂದ ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಹೊಲಿಯುವುದು, ಕೂಲಿಗೆ ಬರುವ ಇಬ್ಬರು ಹೆಂಗಸರಿಗೆ ಕೆಲಸ ಕಲಿಸುವುದು, ಎಲ್ಲವೂ ಸೂಜಿಯದು. ಮುಂಬಾಗಿಲ ಹತ್ತಿರದ ಮೇಜಿನ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಕೂರುವುದು ದೊಡ್ಡಣ್ಣನದು.

ಬಂದವರಿಗೆ ದೊಡ್ಡಣ್ಣ ಹೇಳುತ್ತಿದ್ದ ಮಾತು ಸೂಜಿಗೆ ಬಾಯಿಪಾಠವಾಗಿತ್ತು. "ನಮ್ಮಲ್ಲಿ ಹೊಲಿಗೆ ಅಂದ್ರೆ ಹೊಲಿಗೆ ಸ್ವಾಮಿ. ನಾನೇ ನಿಂತು ಮಾಡಿಸ್ತೀನಿ." ನಿಂತು ಮಾಡಿಸುವುದಿರಲಿ, ಯಂತ್ರಕ್ಕೆ ಎಣ್ಣೆ ಎಲ್ಲಿ ಬಿಡಬೇಕು ಎಂಬುದೂ ಆ ಪುಣ್ಯಾತ್ಮನಿಗೆ ತಿಳಿಯದು. ಹೋದ ವರ್ಷ ಒಬ್ಬ ಲಾರಿ ಮಾಲೀಕನಿಗೆ ತೆಳು ಬಟ್ಟೆಯಲ್ಲೇ ಹೊಲಿದು ಕೊಡುತ್ತೇವೆ ಎಂದು ಒಪ್ಪಿಕೊಂಡು ಬಂದಿದ್ದ. ತಡೆಯುವುದಿಲ್ಲ ಎಂದು ಸೂಜಿ ಬಡಿದುಕೊಂಡಳು. ಕೇಳಲಿಲ್ಲ. ಎರಡು ತಿಂಗಳಿಗೆ ಅದು ಹರಿಯಿತು. ಆ ಮಾಲೀಕ ಬಂದು ರಸ್ತೆಗೆ ಕೇಳಿಸುವಂತೆ ಕೂಗಾಡಿದಾಗ ದೊಡ್ಡಣ್ಣ ಅವನ ಹೆಗಲ ಮೇಲೆ ಕೈಯಿಟ್ಟು, "ಹೆಂಗಸರ ಕೈಗೆ ಬಿಟ್ಟಿದ್ದು ನನ್ನದೇ ತಪ್ಪು" ಎಂದಿದ್ದ. ಸೂಜಿ ಒಳಗೆ ಯಂತ್ರದ ಮುಂದೆ ಕೂತಿದ್ದಳು. ಮೈಯೆಲ್ಲ ಉರಿದುಹೋಗಿತ್ತು.

ಹೀಗೆ ಉರಿದದ್ದನ್ನೆಲ್ಲ ಅವಳು ಒಂದು ದಿನಕ್ಕೆಂದು ತಡೆದುಕೊಂಡು ಬಂದಿದ್ದಳು. ಆ ದಿನ ಈಗ ಬಂದಿತ್ತು. ವರ್ಷಕ್ಕೊಮ್ಮೆ ಇಡೀ ಕುಟುಂಬ ಊರಾಚೆಯ ಕೆರೆಯ ಪಕ್ಕದ ಬಯಲಿನಲ್ಲಿ ಒಟ್ಟಿಗೆ ಊಟ ಮಾಡುವುದು ಅಪ್ಪ ಹಾಕಿಕೊಟ್ಟ ಕ್ರಮ. ಈ ಸಲ ಅಪ್ಪ ಹದಿನೈದು ದಿನ ಮುಂಚೆಯೇ ಎಲ್ಲರಿಗೂ ತಿಳಿಸಿಬಿಟ್ಟಿದ್ದರು, ಊಟವಾದ ಮೇಲೆ ಇನ್ನು ಮುಂದೆ ಅಂಗಡಿಗೆ ಮೇಸ್ತ್ರಿ ಯಾರು ಎಂದು ಹೇಳುತ್ತೇನೆ ಎಂದು. ಮೇಸ್ತ್ರಿ ಎಂದರೆ ಬರೀ ಹೆಸರಲ್ಲ. ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಆಗುವುದಿಲ್ಲ ಎಂದು ವಾಪಸ್ ಕಳಿಸಬೇಕು, ಯಾವ ಬಟ್ಟೆ ತರಿಸಬೇಕು, ಎಲ್ಲಕ್ಕೂ ಮೇಸ್ತ್ರಿಯ ಮಾತೇ ಕೊನೆ. ಸೂಜಿಗೆ ಅದು ಬೇಕಿತ್ತು. ಬೇಡ ಬೇಡ ಎನ್ನುತ್ತ ಒಳಗೊಳಗೇ ಆಸೆಪಡುವವರ ಪೈಕಿ ಅವಳಲ್ಲ. ನನಗೆ ಸಿಗಬೇಕು, ನನಗೇ ಸಿಗಬೇಕು ಎಂದು ಗಂಡನ ಮುಂದೆ ನೇರವಾಗಿ ಹೇಳಿದ್ದಳು. ಅವನಿಗೆ ಆ ದಿನ ರಜೆ ಸಿಗಲಿಲ್ಲ. "ಬಂದು ಹೇಳು, ಮೇಸ್ತ್ರಮ್ಮ" ಎಂದು ನಗುತ್ತ ಡ್ಯೂಟಿಗೆ ಹೋಗಿದ್ದ.

ಟಾರ್ಪಾಲಿನವರ ಮನೆ ಅಲ್ಲವೇ, ಊಟಕ್ಕೆ ಮರದ ನೆರಳು ನಡೆಯುವುದಿಲ್ಲ. ಆ ವರ್ಷ ಹೊಸದಾಗಿ ಹೊಲಿದ ಟಾರ್ಪಾಲೊಂದನ್ನು ಕಟ್ಟಿ ಅದರ ಕೆಳಗೇ ಕೂರಬೇಕು. ಅಂಗಡಿಯ ಕೆಲಸ ಮುಗಿದ ಮೇಲೆ ದಿನಾ ಒಂದೊಂದು ಗಂಟೆ ಕೂತು ಸೂಜಿ ಅದನ್ನು ಹೊಲಿದಿದ್ದಳು. ಹದಿನೆಂಟು ಅಡಿಗೆ ಹದಿನೈದು ಅಡಿ, ಆರು ಪಟ್ಟಿ ಬಟ್ಟೆ, ಐದು ಹೊಲಿಗೆ. ಪ್ರತಿ ಹೊಲಿಗೆಯನ್ನೂ ಎರಡು ಮಡಿಕೆ ಮಾಡಿ, ಮೇಣ ತೀಡಿದ ದಾರದಲ್ಲಿ ಎರಡು ಸಾಲು ಹಾಕಿದ್ದಳು. ಹೊಲಿದದ್ದು ಅವಳಾದರೂ ಕಟ್ಟುವುದು ಗಂಡಸರ ಕೆಲಸ. ನಾಲ್ಕು ಮೂಲೆ, ನಾಲ್ಕು ಗಂಡಸರು. ಮೊದಲೆಲ್ಲ ಮೂವರು ಅಣ್ಣಂದಿರು ಮೂರು ಮೂಲೆ ಕಟ್ಟಿದರೆ ನಾಲ್ಕನೆಯದನ್ನು ಅಪ್ಪ ಕಟ್ಟುತ್ತಿದ್ದರು, ಮಿಕ್ಕವಕ್ಕಿಂತ ಎರಡು ಅಡಿ ತಗ್ಗಿಸಿ. ನೀರು ಬಿದ್ದರೆ ಆ ಕಡೆಯಿಂದ ಇಳಿದು ಹೋಗಬೇಕಲ್ಲ. ಮೂರು ವರ್ಷದ ಹಿಂದೆ ಅಪ್ಪನಿಗೆ ಹಗ್ಗ ಎಳೆಯಲು ಆಗದೆ ಹೋದಾಗ ಆ ಮೂಲೆ ಭಾವನ ಪಾಲಿಗೆ ಬಂತು. ಭಾವ ಎಂದರೆ ಅಕ್ಕನ ಗಂಡ, ಔಷಧಿ ಅಂಗಡಿಯವನು. ಅವನು ಅದನ್ನೂ ಮಿಕ್ಕವುಗಳ ಸಮಕ್ಕೇ ಕಟ್ಟಿದ. ಮೂರು ವರ್ಷವೂ ಆ ದಿನ ಬಿಸಿಲಿತ್ತು. ಹಾಗಾಗಿ ತಗ್ಗಿದ ಮೂಲೆ ಎಂಬುದೊಂದು ಈಗ ಇಲ್ಲವೇ ಇಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ.

ಸೂಜಿಗೆ ಹೊಳೆಯಿತು. ಕೆರೆಯ ಆಚೆ ದಡದಲ್ಲಿ ಮೋಡ ಕಪ್ಪಗೆ ಕೂತಿತ್ತು.

"ದೊಡ್ಡಣ್ಣ, ಒಂದು ಮೂಲೆ ತಗ್ಗಿಸ್ಬೇಕು ಕಣೋ," ಎಂದಳು.

"ಮಳೆ ಬರಲ್ಲ."

"ಬಂದ್ರೆ?"

"ಬರಲ್ಲ ಅಂದ್ನಲ್ಲ." ದೊಡ್ಡಣ್ಣ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ, "ತಗ್ಗಿಸ್ಲೇಬೇಕು ಅಂತಿದ್ರೆ ನಡುವಿನವನು ತಗ್ಗಿಸ್ಲಿ. ಹಿರಿಯನ ಮೂಲೆ ತಗ್ಗಿಸೋಕಾಗುತ್ತಾ?" ಎಂದ.

ನಡುವಿನ ಅಣ್ಣ ಲಾರಿ ಬುಕಿಂಗ್ ಆಫೀಸು ಇಟ್ಟುಕೊಂಡವನು. ಮನೆಗಳ ನಡುವಿನ ಗೋಡೆಯೊಂದರ ವಿಷಯಕ್ಕೆ ದೊಡ್ಡಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ದೊಡ್ಡಣ್ಣ ಎಂಟು ಹೆಜ್ಜೆ ದೂರದಲ್ಲೇ ನಿಂತಿದ್ದರೂ ಅವನು ಸೂಜಿಯ ಕಡೆ ತಿರುಗಿ, "ನಾನ್ಯಾಕೆ ತಗ್ಗಿಸ್ಲಿ ಅಂತ ಕೇಳು ಅವನನ್ನ. ನಾನೇನು ಅವನ ಮನೆ ಆಳಾ?" ಎಂದ.

"ಚಿಕ್ಕಣ್ಣ, ನೀನಾದ್ರೂ ಒಂದೆರಡು ಅಡಿ ಇಳಿಸೋ."

ಚಿಕ್ಕಣ್ಣ ಶಾಲೆಯಲ್ಲಿ ಗಣಿತದ ಮೇಷ್ಟ್ರು. "ಚಿಕ್ಕವನು ಅಂತ ಎಲ್ಲದಕ್ಕೂ ನನ್ನನ್ನೇ ಬಗ್ಗಿಸ್ತೀರಿ," ಎಂದು ಗೊಣಗಿದ. "ನಲವತ್ತಾರಾಯ್ತು ನನಗೆ. ಇನ್ನೂ ಎಷ್ಟು ವರ್ಷ ಚಿಕ್ಕವನಾಗಿರ್ಲಿ?"

ಉಳಿದವನು ಭಾವ. ಅವನು ಮರ್ಯಾದಸ್ಥ, ಎಲ್ಲದಕ್ಕೂ ಹಲ್ಲು ಕಾಣಿಸಿಯೇ ಮಾತಾಡುವವನು. "ನಾನು ತಗ್ಗಿಸ್ತಿದ್ದೆ ಕಣಮ್ಮ, ನನಗೇನಿಲ್ಲ. ಆದ್ರೆ ನಾಲ್ಕು ಜನರಲ್ಲಿ ಅಳಿಯನ ಮೂಲೆ ಮಾತ್ರ ಕೆಳಗೆ ಅಂದ್ರೆ ನಿಮ್ಮಕ್ಕನಿಗೆ ಬೇಜಾರಾಗುತ್ತೆ." ನಿಮ್ಮಕ್ಕ ಎನಿಸಿಕೊಂಡವಳು ಅಷ್ಟು ದೂರದಲ್ಲಿ ಹಣ್ಣು ಹೆಚ್ಚುತ್ತ ಕೂತಿದ್ದಳು. ಅವಳಿಗೆ ಬೇಜಾರಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಕೊನೆಗೆ ಚಿಕ್ಕಣ್ಣನೇ ಚೀಲದಿಂದ ಟೇಪು ತೆಗೆದು ನಾಲ್ಕೂ ಕಂಬಗಳನ್ನು ಅಳೆದ. ಭಾವನದು ಎರಡು ಇಂಚು ಮೇಲಿತ್ತು, ಇಳಿಸಿದರು. ದೊಡ್ಡಣ್ಣನದು ಒಂದು ಇಂಚು ಕೆಳಗಿತ್ತು, ಅವನು ಗಾಬರಿಯಾಗಿ ಏರಿಸಿದ. ಎಲ್ಲವೂ ಸರಿಯಾಗಿ ಆರೂವರೆ ಅಡಿ. ಯಾರೂ ಯಾರಿಗಿಂತ ಕಡಿಮೆಯಾಗಲಿಲ್ಲ ಎಂಬ ನೆಮ್ಮದಿಯಲ್ಲಿ ನಾಲ್ವರೂ ಕೈ ಒರೆಸಿಕೊಂಡರು. ಐವತ್ತು ವರ್ಷ ಟಾರ್ಪಾಲಿನ ಅನ್ನ ಉಂಡ ಮನೆ. ಚಪ್ಪಟೆಯಾಗಿ ಕಟ್ಟಿದರೆ ನೀರು ನಿಲ್ಲುತ್ತದೆ ಎಂದು ಅಲ್ಲಿನ ಬೆಕ್ಕಿಗೂ ಗೊತ್ತು. ಗೊತ್ತಿದ್ದೂ ಹೀಗೆ ಕಟ್ಟಲು ಈ ನಾಲ್ವರೇ ಬೇಕು.

ಸೂಜಿ ಅಪ್ಪನ ಹತ್ತಿರ ಹೋದಳು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲ ಮೇಲೆ ಕೈಗೆ ಕೈ ಬಿಗಿದು ಕೂತಿದ್ದರು. ನಡುಕ ಕಾಣದಿರಲಿ ಎಂದು ಹಾಗೆ ಕೂರುವುದು ಅವರ ರೂಢಿ.

"ಅಪ್ಪ, ನೀವಾದ್ರೂ ಒಂದು ಮಾತು ಹೇಳಿ. ಹೀಗೆ ಕಟ್ಟಿದ್ರೆ ನೀರು ನಿಲ್ಲುತ್ತೆ."

ಅಪ್ಪ ತಲೆಯೆತ್ತಿ ಮೇಲೆ ನೋಡಿದರು. ಒಂದೊಂದೇ ಮೂಲೆಯ ಮೇಲೆ ಕಣ್ಣು ಹೋಯಿತು. ತುಟಿ ಅಲುಗಿತು. ಆಮೇಲೆ ಅವರು ದೊಡ್ಡಣ್ಣನ ಕಡೆ ನೋಡಿ, "ಊಟಕ್ಕೆ ಹೊತ್ತಾಯ್ತು ನೋಡು, ಎಲ್ರನ್ನೂ ಕೂರ್ಸು," ಎಂದರು.

ಕಣ್ಣು ಮಂದವಾಗಿದೆ ಪಾಪ, ಎಷ್ಟು ಎತ್ತರ ಅಂತ ಕಂಡಿರಲಿಕ್ಕಿಲ್ಲ, ಎಂದುಕೊಂಡಳು ಸೂಜಿ. ಅಪ್ಪನ ವಿಷಯದಲ್ಲಿ ಅವಳು ಯಾವಾಗಲೂ ಹೀಗೆ ಒಂದು ನೆಪ ಹುಡುಕಿ ಕೊಡುತ್ತಿದ್ದಳು. ಅಣ್ಣಂದಿರ ಮೇಲೆ ಮೂಗಿನ ತುದಿಗೇ ಬರುವ ಕೋಪ ಅಪ್ಪನ ಹತ್ತಿರ ಬಂದಾಗ ದಾರಿ ತಪ್ಪಿಬಿಡುತ್ತಿತ್ತು.

ಹದಿನಾಲ್ಕು ಜನ ಎರಡು ಸಾಲಾಗಿ ಕೂತು ಉಂಡರು. ಕೊನೆಯ ಡಬ್ಬಿ ಖಾಲಿಯಾಗುವ ಹೊತ್ತಿಗೆ ಗಾಳಿ ತಣ್ಣಗಾಗಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ ಎದ್ದು ನಿಂತ. ಅಪ್ಪ ಹೇಳುವುದಕ್ಕೆ ಮುಂಚೆ ತಾನು ನಾಲ್ಕು ಮಾತು ಆಡಬೇಕಂತೆ. ಆಡಿದ. ನಲವತ್ತು ಆಡಿದ. ಅಂಗಡಿಯನ್ನು ಅಪ್ಪ ಹೇಗೆ ಕಟ್ಟಿದರು, ಅದನ್ನು ತಾನು ಹೇಗೆ ಹೊತ್ತುಕೊಂಡು ಬಂದೆ, ಹಗಲು ರಾತ್ರಿ ಎನ್ನದೆ ತನ್ನ ಆರೋಗ್ಯ ಹೇಗೆ ಹಾಳಾಯಿತು, ಎಲ್ಲ ಪುರಾಣ ಬಿಚ್ಚಿದ. ಮೊದಲ ಹನಿಗಳು ಟಪಟಪ ಬಿದ್ದವು. ಅವನು ದನಿ ಏರಿಸಿದ. ಮಳೆ ಜೋರಾಯಿತು. ಅವನು ಇನ್ನೂ ಏರಿಸಿದ.

ಸೂಜಿ ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಮೇಲಿತ್ತು. ಟಾರ್ಪಾಲಿನ ನಡುಭಾಗ ಮೊದಲು ಒಂದು ತಟ್ಟೆಯಷ್ಟು ಇಳಿಯಿತು, ಆಮೇಲೆ ಬಾಣಲೆಯಷ್ಟು. ಎರಡು ಕೊಡ ನೀರು, ನಾಲ್ಕು ಕೊಡ, ಹತ್ತು ಕೊಡ ಎಂದು ಅವಳು ಮನಸ್ಸಿನಲ್ಲೇ ಅಂದಾಜು ಹಾಕಿದಳು. ಹಗ್ಗಗಳು ಬಿಗಿದು ಕಿರುಗುಟ್ಟಿದವು. ಅವಳು ಎದ್ದು ಹತ್ತಿರದಲ್ಲಿದ್ದ ಭಾವನ ಕಂಬದ ಕಡೆ ಹೋದಳು.

"ನನ್ನ ಹಗ್ಗ ಮುಟ್ಟಬೇಡಮ್ಮ," ಎಂದ ಭಾವ.

"ಭಾವ, ಒಂದು ಗಂಟು ಸಡಿಲ ಮಾಡಿದ್ರೆ ನೀರೆಲ್ಲ ಈ ಕಡೆ ಇಳ್ದು ಹೋಗುತ್ತೆ. ಒಂದೇ ಒಂದು ಗಂಟು."

"ಕೂತ್ಕೊ ಸೂಜಿ," ಎಂದ ದೊಡ್ಡಣ್ಣ. "ಮಾತಾಡ್ತಿದ್ದೀನಿ, ಕಾಣಲ್ವಾ? ಅಪ್ಪನ ಮುಂದೆ ಒಂದು ದಿನಾನಾದ್ರೂ ಸುಮ್ನಿರೋದು ಕಲಿ." ಹಾಗೆಂದವನು ಅಮ್ಮನ ಕುರ್ಚಿಗೆ ನೇತುಹಾಕಿದ್ದ ಕೊಡೆ ಎತ್ತಿಕೊಂಡ. ನೀರು ಹೇಗೆ ಇಳಿಸಬೇಕು ಎಂದು ತೋರಿಸಿಕೊಡುವವನಂತೆ ಕೊಡೆಯನ್ನು ತಿರುಗಿಸಿ ಹಿಡಿದು, ಅದರ ಮೊನೆಯನ್ನು ಟಾರ್ಪಾಲಿನ ಹೊಟ್ಟೆಗೆ ಒತ್ತಿದ.

"ಮೊನೆಯಿಂದ ಬೇಡ," ಎಂದು ಸೂಜಿ ಕೂಗಿದಳು. "ಅಂಗೈಯಿಂದ ಎತ್ತು ಅಣ್ಣ, ಮೊನೆ ಹಾಕಬೇಡ."

ಅವನು ಇನ್ನಷ್ಟು ಜೋರಾಗಿ ಒತ್ತಿದ. ಕೊಡೆ ಸರಕ್ಕನೆ ಒಳಗೆ ಹೋಯಿತು. ಮೊದಲು ನೀರು ಅವನ ತೋಳಿನ ಉದ್ದಕ್ಕೂ ಇಳಿದು ಅಂಗಿಯೊಳಗೆ ಹೋಯಿತು, ಆಮೇಲೆ ಬಟ್ಟೆ ಹರಿದು ಎಲ್ಲವೂ ಒಟ್ಟಿಗೇ ಇಳಿಯಿತು. ನೆಂದ ಮಣ್ಣಿನಿಂದ ನಡುವಿನ ಅಣ್ಣನ ಗೂಟ ಕಿತ್ತು ಬಂತು, ಅದರ ಹಿಂದೆ ಚಿಕ್ಕಣ್ಣನದು. ಹದಿನಾಲ್ಕು ಜನರ ತಲೆಯ ಮೇಲೆ ಹಸಿ ಕ್ಯಾನ್ವಾಸು ಬಂದು ಕೂತಿತು. ಕೆಳಗಿನಿಂದ ಅಕ್ಕ ಕಿರುಚಿದಳು, ಮಕ್ಕಳು ನಕ್ಕರು, ಯಾರೋ ಅನ್ನದ ಪಾತ್ರೆಯೊಳಗೆ ಕಾಲಿಟ್ಟರು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ. ಅಪ್ಪನನ್ನೂ ಅಮ್ಮನನ್ನೂ ಕೈಹಿಡಿದು ಎಬ್ಬಿಸಿಕೊಂಡು ಎಲ್ಲರೂ ಐವತ್ತು ಹೆಜ್ಜೆ ದೂರದಲ್ಲಿದ್ದ ದೋಣಿ ನಿಲ್ಲಿಸುವ ತಗಡಿನ ಷೆಡ್ಡಿನ ಕಡೆ ಓಡಿದರು.

ದೋಣಿಗಳಿಲ್ಲದ ಖಾಲಿ ಷೆಡ್ಡು. ಸಿಮೆಂಟಿನ ನೆಲ, ಮೂರು ಕಡೆ ಗೋಡೆ, ಮೇಲೆ ತಗಡಿನ ಮೇಲೆ ಮಳೆಯ ಸದ್ದು. ಎಲ್ಲರೂ ಒತ್ತಿಕೊಂಡು ನಿಂತರು. ಅಮ್ಮನಿಗೂ ಅಪ್ಪನಿಗೂ ಕೂರಲು ಮರದ ದಿಮ್ಮಿಯೊಂದು ಸಿಕ್ಕಿತು. ದೊಡ್ಡಣ್ಣನ ಇಸ್ತ್ರಿ ಅಂಗಿ ಮೈಗೆ ಅಂಟಿಕೊಂಡಿತ್ತು, ಜೇಬಿನ ಪೆನ್ನಿನಿಂದ ಇಂಕು ಇಳಿದು ಎದೆಯೆಲ್ಲ ನೀಲಿಯಾಗಿತ್ತು. ಅವನು ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತಾನೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ದೊಡ್ಡಣ್ಣ ಗೊತ್ತಿಲ್ಲ.

"ಹೊಲಿಗೆ ಬಿಟ್ಟಿತು," ಎಂದ.

ಮುಖದ ನೀರು ಒರೆಸಿಕೊಂಡು ಇನ್ನೊಮ್ಮೆ, ಎಲ್ಲರಿಗೂ ಕೇಳಿಸುವಂತೆ ಹೇಳಿದ. "ನೋಡಿದ್ರಲ್ಲ ಎಲ್ರೂ. ಸ್ವಲ್ಪ ನೀರು ನಿಂತಿದ್ದಕ್ಕೆ ಹೊಲಿಗೆ ಬಿಟ್ಟಿತು. ಇದನ್ನೇ ನಾನು ಹೇಳ್ತಿದ್ದಿದ್ದು. ಕೆಲಸದ ಮೇಲೆ ಕಣ್ಣಿಡೋರು ಒಬ್ರು ಬೇಕು. ಗಿರಾಕಿ ಮನೇಲಿ ಹೀಗಾಗಿದ್ರೆ ನಮ್ಮ ಮಾನ ಏನಾಗ್ತಿತ್ತು?"

"ಹೌದು, ಹೊಲಿಗೇನೇ ಬಿಟ್ಟಿದ್ದು," ಎಂದ ನಡುವಿನ ಅಣ್ಣ. ಎರಡು ವರ್ಷದಿಂದ ಮುಖ ತಿರುಗಿಸಿಕೊಂಡಿದ್ದ ಅಣ್ಣತಮ್ಮಂದಿರು ಕೊನೆಗೂ ಒಂದಾದರು. ಒಂದಾಗಲು ಅವರಿಗೆ ಸೂಜಿಯ ಹೊಲಿಗೆಯೇ ಬೇಕಾಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೂ ಬರುವುದಿತ್ತು. ಅಕ್ಕ ಹತ್ತಿರ ಬಂದು ಅವಳ ಬೆನ್ನು ಸವರಿದಳು. "ಹೋಗ್ಲಿ ಬಿಡೇ, ಮನಸ್ಸಿಗೆ ಹಚ್ಕೋಬೇಡ. ಕೆಲಸ ಮಾಡೋರ ಕೈಯಲ್ಲಿ ತಪ್ಪಾಗುತ್ತೆ."

"ನಾವೇನು ಹೊರಗಿನವರಾ," ಎಂದ ಭಾವ. "ಯಾರ ಹತ್ರಾನೂ ಹೇಳಲ್ಲಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಾಡದ ತಪ್ಪಿಗೆ ಎಲ್ಲರೂ ಸೇರಿ ಕ್ಷಮಿಸಿಬಿಟ್ಟರಲ್ಲ, ಅದನ್ನು ಅವಳಿಂದ ತಡೆದುಕೊಳ್ಳಲು ಆಗಲಿಲ್ಲ. ಅಪ್ಪನ ಕಡೆ ನೋಡಿದಳು. ಅವರು ತಮ್ಮ ಒದ್ದೆ ಚಪ್ಪಲಿ ನೋಡುತ್ತ ಕೂತಿದ್ದರು. ಸೂಜಿ ಚಪ್ಪಲಿ ಬಿಟ್ಟು ಮಳೆಗೆ ಇಳಿದಳು.

ನೆಂದ ಕ್ಯಾನ್ವಾಸು ಎಂದರೆ ಮಲಗಿದ ಎಮ್ಮೆ. ಒಂದು ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಕೊಟ್ಟು ಎಳೆದಳು. ಹುಲ್ಲಿನ ಮೇಲೆ ಒಂದಡಿ ಜಾರಿತು, ನಿಂತಿತು, ಮತ್ತೆ ಒಂದಡಿ. ಷೆಡ್ಡಿನಿಂದ "ಏನು ಮಾಡ್ತಿದ್ದಾಳೆ ಇವಳು" ಎಂಬ ಮಾತು ಕೇಳಿಸಿತು. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಭಾರ ಕಡಿಮೆಯಾಯಿತು. ತಿರುಗಿ ನೋಡಿದರೆ ಚಿಕ್ಕಣ್ಣ. ಪ್ಯಾಂಟು ಮೊಣಕಾಲಿನ ತನಕ ಮಡಚಿಕೊಂಡು ಇನ್ನೊಂದು ತುದಿ ಹಿಡಿದಿದ್ದ. ಷೆಡ್ಡಿನ ನೆಲದ ಮೇಲೆ ಟಾರ್ಪಾಲನ್ನು ಹರಡಿದಾಗ ನಿಂತಿದ್ದವರೆಲ್ಲ ಗೋಡೆಗೆ ಸರಿಯಬೇಕಾಯಿತು.

"ಐದು ಹೊಲಿಗೆ ಇದೆ," ಎಂದಳು ಸೂಜಿ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. "ಎಲ್ಲಿ ಬಿಟ್ಟಿದೆ ತೋರ್ಸಿ."

"ಈಗ ಇದೆಲ್ಲ ಯಾಕೆ?" ಎಂದ ದೊಡ್ಡಣ್ಣ.

"ಬಿಟ್ಟಿದೆ ಅಂತ ಹೇಳಿದ್ದು ನೀನು. ತೋರ್ಸು."

ಚಿಕ್ಕಣ್ಣ ಮೊಣಕಾಲೂರಿ ಕೂತ. ಪರೀಕ್ಷೆಯ ಪೇಪರು ತಿದ್ದುವಾಗ ಮಾಡುವಂತೆ ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. "ಮೊದಲನೇದರಲ್ಲಿ ಇಲ್ಲ," ಎಂದ. ಎರಡನೆಯದಕ್ಕೆ ಬಂದ. ಇಲ್ಲ. ಮೂರನೆಯದರ ಹತ್ತಿರ ತೂತು ಸಿಕ್ಕಿತು. ಪಟ್ಟಿಯ ಒಳಗೆ, ಹೊಲಿಗೆಯಿಂದ ಒಂದು ಗೇಣು ದೂರದಲ್ಲಿ, ಕೊಡೆಯ ಮೊನೆಯಷ್ಟೇ ದುಂಡಗೆ. ಅಲ್ಲಿಂದ ಬಟ್ಟೆ ಹರಿದುಕೊಂಡು ಹೊಲಿಗೆಯ ತನಕ ಬಂದಿತ್ತು, ಹೊಲಿಗೆಯನ್ನು ದಾಟಲಾಗದೆ ಅಲ್ಲೇ ನಿಂತಿತ್ತು. ಚಿಕ್ಕಣ್ಣ ಅದನ್ನು ನೋಡಿ ತಲೆಯೆತ್ತಿದ. "ಹೊಲಿಗೆ ಇಲ್ದೇ ಇದ್ದಿದ್ರೆ ಪೂರ್ತಿ ಎರಡಾಗ್ತಿತ್ತು," ಎಂದ.

"ಒಟ್ಟಿನಲ್ಲಿ ಹರೀತು ತಾನೇ," ಎಂದ ದೊಡ್ಡಣ್ಣ. "ಬಟ್ಟೆ ಗಟ್ಟಿ ಇರೋದು ತಗೋಬೇಕಿತ್ತು."

"ಬಟ್ಟೆ ತಂದಿದ್ದು ನೀನು," ಎಂದಳು ಸೂಜಿ.

ಅಕ್ಕ ಮುಖ ಆಚೆ ತಿರುಗಿಸಿಕೊಂಡಳು, ಅವಳ ಭುಜ ಅಲುಗುತ್ತಿತ್ತು. ನಡುವಿನ ಅಣ್ಣ ಷೆಡ್ಡಿನ ಬಾಯಿಗೆ ಹೋಗಿ ಮಳೆ ಎಷ್ಟು ಕಡಿಮೆಯಾಗಿದೆ ಎಂದು ತುಂಬ ಆಸಕ್ತಿಯಿಂದ ನೋಡತೊಡಗಿದ. ಆಗ ಅಪ್ಪ ದಿಮ್ಮಿಯಿಂದ ಎದ್ದರು. ಚಿಕ್ಕಣ್ಣನ ಹೆಗಲು ಹಿಡಿದು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತು, ನಡುಗುವ ಹೆಬ್ಬೆರಳನ್ನು ಹೊಲಿಗೆಯ ಮೇಲಿಟ್ಟು ಎಳೆದರು. ಒಂದು ಕಡೆ ನಿಲ್ಲಿಸಿ, ಉಗುರಿನಿಂದ ದಾರವನ್ನು ಎತ್ತಿ ನೋಡಿದರು. ಟಾರ್ಪಾಲಿನ ವಿಷಯದಲ್ಲಿ ಆ ಹೆಬ್ಬೆರಳು ಹೇಳಿದ ಮೇಲೆ ಬೇರೆ ಮಾತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಹೊಲಿಗೆ ಕೂದಲಷ್ಟೂ ಅಲುಗಿಲ್ಲ," ಎಂದರು ಅಪ್ಪ. "ನನ್ನ ಕೈ ಗಟ್ಟಿ ಇದ್ದಾಗ್ಲೂ ನಾನು ಇಷ್ಟು ಚೆನ್ನಾಗಿ ಹೊಲಿದಿಲ್ಲ."

ಒಂಬತ್ತು ವರ್ಷದಲ್ಲಿ ಈ ಮಾತು ಸೂಜಿಗೆ ಮನೆಯಲ್ಲಿ ಸಿಕ್ಕಿರಲಿಲ್ಲ, ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಈಗ ಎಲ್ಲರ ಎದುರಿಗೆ ಸಿಕ್ಕಿತ್ತು. ಮುಂದಿನ ಮಾತಿಗೆ ಅವಳು ಕಾದಳು. ಮಳೆಯಲ್ಲಿ ನೆಂದ ಕೂದಲಿನಿಂದ ನೀರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಇಷ್ಟು ಚೆನ್ನಾಗಿ ಕೆಲಸ ಗೊತ್ತಿರೋಳು ಇದ್ದಾಳೆ ಅಂತಾನೇ ನನಗೆ ಧೈರ್ಯ," ಎಂದರು ಅಪ್ಪ. ಚಿಕ್ಕಣ್ಣನ ಆಸರೆಯಲ್ಲಿ ಎದ್ದು ನಿಂತರು. "ಮೇಸ್ತ್ರಿ ದೊಡ್ಡವನೇ ಆಗ್ಲಿ. ಹೆಸರು ಅವನದಿರ್ಲಿ, ಕೆಲಸ ನಿಂದಿರ್ಲಿ. ಮನೆ ಒಂದಾಗಿರುತ್ತೆ."

ದೊಡ್ಡಣ್ಣ ಒದ್ದೆ ಅಂಗಿಯಲ್ಲೇ ಬಗ್ಗಿ ಅಪ್ಪನ ಕಾಲು ಮುಟ್ಟಿದ. ಭಾವ ಚಪ್ಪಾಳೆ ತಟ್ಟಲು ಕೈಯೆತ್ತಿ, ಸೂಜಿಯ ಮುಖ ನೋಡಿ ಇಳಿಸಿದ.

ಸೂಜಿಗೆ ಅಳು ಬರಲಿಲ್ಲ. ಬಂದದ್ದು ಒಂದು ಅನುಮಾನ. ಅದು ಬಂದ ಮೇಲೆ ಉಳಿದದ್ದೆಲ್ಲ ಹಿಂದೆ ಸರಿಯಿತು.

"ಅಪ್ಪ," ಎಂದಳು. "ಊಟಕ್ಕೆ ಮುಂಚೆ ನಾನು ಬಂದು ಹೇಳ್ದಾಗ ನೀವು ಮೇಲೆ ನೋಡಿದ್ರಲ್ಲ. ನಾಲ್ಕೂ ಮೂಲೆ ಒಂದೇ ಸಮ ಇದೆ ಅಂತ ನಿಮಗೆ ಕಾಣಿಸ್ತಾ?"

ಸುಳ್ಳು ಹೇಳುವ ಮನುಷ್ಯರಲ್ಲ ಅಪ್ಪ. "ಕಾಣಿಸ್ತು," ಎಂದರು.

"ನೀರು ನಿಲ್ಲುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿಲ್ದೇ ಇರುತ್ತಾ ನನಗೆ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಲ್ರ ಮುಂದೆ ದೊಡ್ಡವನಿಗೆ ಬೇಜಾರಾಗ್ತಿತ್ತು."

"ನನಗೆ?"

ಅಪ್ಪ ಅವಳನ್ನು ನೋಡಿದರು. ಆ ನೋಟದಲ್ಲಿ ಮೋಸವಿರಲಿಲ್ಲ, ಕೋಪವಿರಲಿಲ್ಲ. ಪ್ರೀತಿಯೇ ಇತ್ತು. ಕೇಳಬಾರದ್ದನ್ನು ಮಗಳು ಯಾಕೆ ಕೇಳುತ್ತಿದ್ದಾಳೆ ಎಂಬ ಸಣ್ಣ ಆಶ್ಚರ್ಯವೂ ಇತ್ತು.

"ನಿನಗೆ ಅಭ್ಯಾಸ ಇದೆಯಲ್ಲ," ಎಂದರು.

ಇಷ್ಟು ವರ್ಷ ಸೂಜಿ ಕೋಪ ಮಾಡಿಕೊಂಡದ್ದು ತಪ್ಪು ಮನುಷ್ಯನ ಮೇಲೆ. ದೊಡ್ಡಣ್ಣ ದಡ್ಡ, ಜಂಭದವನು, ತನಗೆ ತಿಳಿಯದ್ದು ತನಗೆ ತಿಳಿಯದು ಎಂದೂ ತಿಳಿಯದವನು. ಅವನು ಯಾವತ್ತೂ ಅವಳ ಕೆಲಸವನ್ನು ನೋಡಿರಲೇ ಇಲ್ಲ, ನೋಡಿದ್ದರೆ ತಾನೇ ಕದಿಯುವುದು. ನೋಡಿದವರು ಅಪ್ಪ. ಒಂದೊಂದು ಹೊಲಿಗೆಯನ್ನೂ ನೋಡಿದ್ದರು, ಅದರ ಬೆಲೆ ಗೊತ್ತಿತ್ತು, ಲಾರಿ ಮಾಲೀಕ ಕೂಗಾಡಿದ ದಿನವೂ ಅವರು ಒಳಗಿನ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿದ್ದರು. ಎಲ್ಲ ಗೊತ್ತಿದ್ದು, ಮನೆಯ ನೆಮ್ಮದಿಗೆ ಯಾರನ್ನು ನೋಯಿಸಿದರೆ ನಡೆಯುತ್ತದೆ ಎಂದು ಲೆಕ್ಕ ಹಾಕಿ ಅವಳನ್ನು ಆರಿಸಿಕೊಂಡಿದ್ದರು.

"ನಾಳೆಯಿಂದ ನಾನು ಅಂಗಡಿಗೆ ಬರಲ್ಲ," ಎಂದಳು.

ದನಿ ಏರಿಸಿರಲಿಲ್ಲವಾದ್ದರಿಂದ ಕೆಲವರಿಗೆ ಕೇಳಿಸಲಿಲ್ಲ. ದೊಡ್ಡಣ್ಣನಿಗೆ ಕೇಳಿಸಿತು, ಅವನು ನಕ್ಕ. "ಎಲ್ಲಿಗೆ ಹೋಗ್ತಾಳೆ ಬಿಡಿ. ಎರಡು ದಿನ ಮುನಿಸ್ಕೊಂಡು ಮೂರನೇ ದಿನ ತಾನೇ ಬರ್ತಾಳೆ."

ಅಪ್ಪ ನಗಲಿಲ್ಲ. ಅವರು ಅವಳ ಕೈಗಳನ್ನು ನೋಡುತ್ತಿದ್ದರು. ಟಾರ್ಪಾಲು ಎಳೆದು ಅಂಗೈ ಕೆಂಪಾಗಿತ್ತು, ಹೆಬ್ಬೆರಳ ಉಗುರು ಸೀಳಿತ್ತು. ಆ ಕೈ ಇಲ್ಲದೆ ಅಂಗಡಿಯಲ್ಲಿ ಒಂದು ಪಟ್ಟಿ ಬಟ್ಟೆ ಕತ್ತರಿಸುವವರಿಲ್ಲ ಎಂದು ಆ ಷೆಡ್ಡಿನಲ್ಲಿ ಅವಳನ್ನು ಬಿಟ್ಟರೆ ತಿಳಿದವರು ಅವರೊಬ್ಬರೇ.

"ಹಾಗೆಲ್ಲ ಮಾತಾಡಬೇಡ ಸೂಜಿ," ಎಂದರು. ದನಿ ಒಡೆಯಿತು. ಮುಚ್ಚಿಕೊಳ್ಳಲು ಮರೆತ ಕೈ ಮೈಯ ಪಕ್ಕದಲ್ಲಿ ನಡುಗುತ್ತಿತ್ತು. "ನನಗೆ ಬೇಜಾರಾಗುತ್ತೆ ಕಣೆ."

ಇನ್ನೊಂದು ದಿನವಾಗಿದ್ದರೆ ಅಷ್ಟು ಸಾಕಿತ್ತು. ಸೂಜಿ ಗೋಡೆಯ ಪಕ್ಕದಿಂದ ತನ್ನ ಚೀಲ ತೆಗೆದುಕೊಂಡಳು, ಚಪ್ಪಲಿಗೆ ಕಾಲು ತೂರಿಸಿದಳು. ಆಮೇಲೆ ಅಪ್ಪನ ಎದುರು ಬಂದು ನಿಂತಳು.

"ಆಗುತ್ತೆ ಅಪ್ಪ," ಎಂದಳು. "ಆಮೇಲೆ ಅಭ್ಯಾಸ ಆಗುತ್ತೆ."

ಆಡಿದ ಮೇಲೆ ಆ ಮಾತು ಅವಳಿಗೇ ಕಹಿ ಎನಿಸಿತು. ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ. ಮಳೆ ಇನ್ನೂ ಹಿಡಿದುಕೊಂಡೇ ಇತ್ತು. ಚೀಲವನ್ನು ತಲೆಯ ಮೇಲೆ ಹಿಡಿದು, ಕೆರೆಯ ಏರಿಯ ಮೇಲೆ ಬಸ್ ನಿಲ್ದಾಣದ ಕಡೆ ನಡೆದಳು.